ರೇಸ್ ಬಿಟ್ಟ ಗ್ರೇಹೌಂಡ್‌ಗೆ ಆರು ವಾರದ ಮನೆ

ಪ್ರಶ್ನೆ: ನಾವು ಮೆಲ್ಬರ್ನಿನ ಪಶ್ಚಿಮ ಭಾಗದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ, ನಾನು, ಪತಿ, ಏಳು ವರ್ಷದ ಮಗಳು. ರೇಸಿನಿಂದ ನಿವೃತ್ತವಾದ ಗ್ರೇಹೌಂಡ್ ಒಂದನ್ನು ಅದಕ್ಕೆ ಕಾಯಂ ಮನೆ ಸಿಗುವವರೆಗೆ, ಸುಮಾರು ಆರು ವಾರ, ಇಟ್ಟುಕೊಳ್ಳುವಿರಾ ಎಂದು ಇಲ್ಲಿನ ಸ್ವಯಂಸೇವಕರ ಗುಂಪೊಂದು ಕೇಳುತ್ತಿದೆ. ನನ್ನ ತವರು ಮುಧೋಳದ ಹತ್ತಿರ. ಅಜ್ಜನ ತೋಟದ ಮನೆಯಲ್ಲಿ ಮುಧೋಳ ನಾಯಿ ಇತ್ತು, ಹಾಗಾಗಿ ಇಂಥ ನಾಯಿಗಳ ಭಯ ನನಗಿಲ್ಲ. ಆದರೆ ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಮನೆಯೊಳಗೆ ಮಾಂಸ ತರುವುದಿಲ್ಲ, ಡಿಸೆಂಬರಿನಲ್ಲಿ ಬರುವ ಅತ್ತೆಯವರಿಗೆ ನಾಯಿ ಎಂದರೆ ಹೆದರಿಕೆ. ಎಲ್ಲಕ್ಕಿಂತ ಹೆಚ್ಚಾಗಿ, ಆರು ವಾರ ಮುದ್ದು ಮಾಡಿ ಆಮೇಲೆ ಬೇರೆಯವರ ಕೈಗೆ ಕೊಟ್ಟರೆ ಆ ಮೂಕಪ್ರಾಣಿಗೆ ಮೋಸ ಮಾಡಿದಂತೆ ಆಗುವುದಿಲ್ಲವೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮೋಸವಾಗುವುದಿಲ್ಲ. ರೇಸ್ ನಾಯಿಗೆ ನಿಜವಾಗಿ ಕಷ್ಟವಾಗುವುದು ಕೆನೆಲ್ (ರೇಸ್ ನಾಯಿಗಳನ್ನು ಸಾಲುಗೂಡುಗಳಲ್ಲಿ ಇಡುವ ಜಾಗ) ಬಿಟ್ಟು ಜೀವನದಲ್ಲಿ ಮೊದಲ ಸಲ ಒಂದು ಮನೆಯೊಳಗೆ ಕಾಲಿಡುವಾಗ. ಅದನ್ನು ನಿಮ್ಮಲ್ಲಿ ದಾಟಿಕೊಂಡ ನಾಯಿಗೆ ಮುಂದಿನ ಮನೆ ಅಷ್ಟು ಅಪರಿಚಿತವಾಗಿರುವುದಿಲ್ಲ. ಅಲ್ಲಿಯೂ ಸೋಫಾ ಇರುತ್ತದೆ, ಫ್ರಿಜ್ ಗುಂಯ್‌ಗುಡುತ್ತದೆ, ಜನ ಹೊರಗೆ ಹೋಗಿ ವಾಪಸು ಬರುತ್ತಾರೆ. ನಿಮ್ಮ ಬೆನ್ನು ಬಿಡದೆ ತಿರುಗುತ್ತಿದ್ದ ನಾಯಿ ಹೊಸ ಮನೆಯ ದಿವಾನದ ಮೇಲೆ ನಾಲ್ಕೂ ಕಾಲು ಮೇಲೆ ಮಾಡಿ ಮಲಗಿರುವ ಫೋಟೊ ಬಂದಾಗ, ಇಷ್ಟು ಬೇಗ ಮರೆಯಿತೇ ಎಂದು ನಿಮಗೇ ಕೊಂಚ ಮುನಿಸು ಬರಬಹುದು. ಆ ಮುನಿಸು ಬಂದರೆ ನಿಮ್ಮ ಕೆಲಸ ಚೆನ್ನಾಗಿ ಆಗಿದೆ ಎಂದೇ ಲೆಕ್ಕ.

ಆ ಕೆಲಸ ಏನು ಎಂಬುದು ಮಾತ್ರ ಮೊದಲೇ ಸ್ಪಷ್ಟವಾಗಿರಲಿ. ಮುದ್ದು ಮಾಡುವುದು ಅದರ ಸಣ್ಣ ಭಾಗ. ನಾಯಿಯನ್ನು ಗಮನಿಸಿ, ಗಮನಿಸಿದ್ದನ್ನು ಇದ್ದ ಹಾಗೆ ಬರೆದಿಡುವುದು ದೊಡ್ಡ ಭಾಗ. ಕೆನೆಲ್‌ನಿಂದ ಹೊರಬಂದ ದಿನ, ಅದು ಮೆಲ್ಬರ್ನಿನ ಸ್ಯಾಂಡೌನ್ ಪಾರ್ಕ್ ರೇಸ್ ಟ್ರ್ಯಾಕಿನ 515 ಮೀಟರನ್ನು ಎಷ್ಟು ಹೊತ್ತಿನಲ್ಲಿ ಓಡಿತು ಎಂಬುದಕ್ಕೆ ಸೆಕೆಂಡಿನ ನೂರನೇ ಒಂದು ಭಾಗದವರೆಗೂ ದಾಖಲೆಯಿರುತ್ತದೆ. ಒಂಟಿಯಾಗಿ ಬಿಟ್ಟರೆ ಊಳಿಡುತ್ತದೆಯೇ, ಮಕ್ಕಳು ಕಿರುಚಿದರೆ ಹೆದರುತ್ತದೆಯೇ, ಮಲಗಿದ್ದಾಗ ಮುಟ್ಟಿದರೆ ಗುರುಗುಟ್ಟುತ್ತದೆಯೇ ಎಂಬುದು ಅದನ್ನು ಓಡಿಸಿದ ತರಬೇತುದಾರನಿಗೂ ತಿಳಿದಿರುವುದಿಲ್ಲ. ತಿಳಿಯುವ ಸಂದರ್ಭವೇ ಬಂದಿರುವುದಿಲ್ಲ. ದತ್ತು ಹೋದ ಗ್ರೇಹೌಂಡ್ ಹಿಂತಿರುಗಿ ಬಂದಿದ್ದನ್ನು ನಾನು ಕಂಡಾಗಲೆಲ್ಲ ಹೆಚ್ಚಾಗಿ ಕಾರಣ ಇದೇ: ನಾಯಿಯೂ ಒಳ್ಳೆಯದು, ಮನೆಯವರೂ ಒಳ್ಳೆಯವರು, ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಈ ನಾಯಿಗಳ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಮರಿಯಿದ್ದಾಗ ಒಡಹುಟ್ಟಿದವುಗಳ ಜೊತೆ ಬಯಲಿನಲ್ಲಿ ಓಡಾಟ, ಆಮೇಲೆ ಕೆನೆಲ್ ವಾಸ. ಸುಮಾರು ಒಂದೂವರೆ ವರ್ಷಕ್ಕೆ ರೇಸ್ ಆರಂಭ. ಒಂದು ಓಟಕ್ಕೆ ಎಂಟು ನಾಯಿ, ಎಂಟು ಬಣ್ಣದ ಅಂಗಿ, ಮುಂದೆ ಓಡುವ ಯಾಂತ್ರಿಕ ಮೊಲ. ನಾಲ್ಕೈದು ವರ್ಷಕ್ಕೆ ನಿವೃತ್ತಿ, ನಿಧಾನವಾದವಕ್ಕೆ ಇನ್ನೂ ಬೇಗ. ಆಯಸ್ಸು ಹನ್ನೆರಡು ಹದಿಮೂರು ವರ್ಷ. ವಿಕ್ಟೋರಿಯಾದ ರೇಸ್ ಸಂಸ್ಥೆ 1996ರಲ್ಲೇ ಗ್ರೇಹೌಂಡ್ ಅಡಾಪ್ಷನ್ ಪ್ರೋಗ್ರಾಂ ಎಂಬ ದತ್ತು ಯೋಜನೆ ಶುರು ಮಾಡಿತು. ಅದರ ಹೊರಗೆ ನಿಮ್ಮನ್ನು ಕೇಳಿದಂಥ ಸ್ವತಂತ್ರ ಗುಂಪುಗಳೂ ಇವೆ. 2015ರ ಫೆಬ್ರುವರಿಯಲ್ಲಿ ಎಬಿಸಿ ವಾಹಿನಿಯ ಫೋರ್ ಕಾರ್ನರ್ಸ್ ಕಾರ್ಯಕ್ರಮ, ತರಬೇತಿಯಲ್ಲಿ ಜೀವಂತ ಪ್ರಾಣಿಗಳನ್ನು ಎರೆಯಾಗಿ ಬಳಸುತ್ತಿದ್ದುದನ್ನು ಬಯಲಿಗೆಳೆದ ಮೇಲೆ ಜನರ ಕಣ್ಣು ಈ ಕಡೆ ತಿರುಗಿತು. ನ್ಯೂ ಸೌತ್ ವೇಲ್ಸ್ 2016ರಲ್ಲಿ ರೇಸ್ ನಿಷೇಧಿಸುವುದಾಗಿ ಹೇಳಿ ಕೆಲವೇ ತಿಂಗಳಲ್ಲಿ ಹಿಂದೆ ಸರಿಯಿತು. ಕ್ಯಾನ್‌ಬೆರಾ ಇರುವ ರಾಜಧಾನಿ ಪ್ರದೇಶ 2018ರಲ್ಲಿ ನಿಷೇಧಿಸಿಯೇ ಬಿಟ್ಟಿತು. 2024ರ ಡಿಸೆಂಬರಿನಲ್ಲಿ ನ್ಯೂಜಿಲೆಂಡ್ ಸರ್ಕಾರವೂ ರೇಸ್ ನಿಲ್ಲಿಸುವ ನಿರ್ಧಾರ ಪ್ರಕಟಿಸಿತು. ಟಾಸ್ಮೇನಿಯಾ 2029ರ ಗಡುವು ಹೇಳಿದೆ. ಟ್ರ್ಯಾಕ್ ಮುಚ್ಚಿದೊಡನೆ ಅಲ್ಲಿದ್ದ ನಾಯಿಗಳಿಗೆಲ್ಲ ಒಟ್ಟಿಗೇ ಮನೆ ಬೇಕಾಗುತ್ತದೆ. ಮಕಾವ್‌ನ ಕ್ಯಾನಿಡ್ರೋಮ್ ಎಂಬ ನಾಯಿ ರೇಸ್ ಟ್ರ್ಯಾಕ್ 2018ರಲ್ಲಿ ಮುಚ್ಚಿದಾಗ ಐನೂರಕ್ಕೂ ಹೆಚ್ಚು ಗ್ರೇಹೌಂಡ್‌ಗಳು ಉಳಿದವು. ಆ ಪುಟ್ಟ ಊರಿನಲ್ಲಿ ಅಷ್ಟು ಮನೆಗಳೆಲ್ಲಿ? ಬಹುಪಾಲು ನಾಯಿಗಳನ್ನು ವಿಮಾನ ಹತ್ತಿಸಿ ಬೇರೆ ದೇಶಗಳಿಗೆ ಕಳಿಸಬೇಕಾಯಿತು.

ಹಾಗೆಂದು ನಿಮ್ಮ ಮನೆಗೆ ಬರುವ ನಾಯಿ ಹೊಡೆತ ತಿಂದೇ ಬಂದಿದೆ ಎಂದುಕೊಳ್ಳಬೇಡಿ. ಕೆಲವಕ್ಕೆ ಹಾಗಾಗಿದೆ, ಅನೇಕವು ಚೆನ್ನಾಗಿಯೇ ಬೆಳೆದಿವೆ. ನೆಲ ಒರೆಸುವ ಮಾಪಿನ ಕೋಲು ನೋಡಿ ಬೆದರಿದ ಮಾತ್ರಕ್ಕೆ ಯಾರೋ ಬಡಿದಿದ್ದರು ಎಂದರ್ಥವಲ್ಲ. ಮಾಪ್ ಎಂಬ ವಸ್ತುವನ್ನೇ ಅದು ಮೊದಲ ಸಲ ನೋಡುತ್ತಿರಬಹುದು. ಅಯ್ಯೋ ಪಾಪ ಎನ್ನಿಸುವ ಕಥೆ ಕಟ್ಟಿದರೆ ಜನ ಬೇಗ ಮುಂದೆ ಬರುತ್ತಾರೆ ನಿಜ. ಆದರೆ ಬರುವವರು ಉದ್ಧಾರ ಮಾಡಲು ಬರುತ್ತಾರೆ, ಮೂರನೇ ತಿಂಗಳು ನಾಯಿ ಕಾರ್ಪೆಟ್ ಒದ್ದೆ ಮಾಡಿದಾಗ ಅವರ ಉತ್ಸಾಹ ಇಳಿದಿರುತ್ತದೆ.

ಮುಧೋಳದ ಅನುಭವ ನಿಮಗೆ ಅರ್ಧ ಉಪಯೋಗಕ್ಕೆ ಬರುತ್ತದೆ. ಸಣ್ಣ ನಡು, ಆಳವಾದ ಎದೆ, ದೂರದ ಅಲುಗಾಟವನ್ನು ಹಿಡಿಯುವ ಕಣ್ಣು, ಇವೆಲ್ಲ ಎರಡಕ್ಕೂ ಒಂದೇ. ಮೊಲವೋ ಬೆಕ್ಕೋ ಓಡಿದ್ದು ಕಂಡ ಕ್ಷಣ ಕಿವಿ ಮುಚ್ಚಿಹೋಗುವುದೂ ಒಂದೇ. ಆದರೆ ಅಜ್ಜನ ನಾಯಿ ಅಂಗಳದಲ್ಲಿ ಬೆಳೆದದ್ದು. ಬಂದು ಹೋಗುವವರು, ಆಡು, ಎತ್ತು, ಮಕ್ಕಳ ಗಲಾಟೆ, ರೊಟ್ಟಿ ತಟ್ಟುವ ಸದ್ದು ಎಲ್ಲವೂ ಅದಕ್ಕೆ ಮರಿಯಿಂದಲೇ ಪರಿಚಯ. ಕರೆದರೆ ಬರುತ್ತಿತ್ತು, ಹೊಲದಲ್ಲಿ ಬಿಚ್ಚಿಕೊಂಡೇ ತಿರುಗುತ್ತಿತ್ತು. ಈ ನಾಯಿಯನ್ನು ಹಾಗೆ ಬಿಡುವಂತಿಲ್ಲ. ಗಂಟೆಗೆ ಅರವತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ಓಡುವ ಪ್ರಾಣಿ ರಸ್ತೆ ಮುಟ್ಟುವ ಮೊದಲು ನಿಮ್ಮ ಬಾಯಿಂದ ಅದರ ಹೆಸರು ಪೂರ್ತಿ ಹೊರಟಿರುವುದಿಲ್ಲ. ವಿಕ್ಟೋರಿಯಾದ ಕಾನೂನೂ ಅದನ್ನೇ ಹೇಳುತ್ತದೆ: ಮನೆಯ ಹೊರಗೆ ಗ್ರೇಹೌಂಡ್ ಸದಾ ಹಗ್ಗದಲ್ಲಿರಬೇಕು, ಬೇರೆ ನಾಯಿಗಳನ್ನು ಬಿಚ್ಚಿಬಿಡುವ ಪಾರ್ಕಿನಲ್ಲಿಯೂ. ಸಾಕಿದ ಗ್ರೇಹೌಂಡ್‌ಗೆ ಬೀದಿಯಲ್ಲಿ ಬಾಯಿಕುಕ್ಕೆ ಕಡ್ಡಾಯ ಎಂಬ ನಿಯಮ ಮಾತ್ರ 2019ರ ಜನವರಿ 1ರಿಂದ ಹೋಗಿದೆ. ಕಡ್ಡಾಯವಿಲ್ಲವೆಂದು ಅದನ್ನು ಎಸೆಯಬೇಡಿ. ಪಕ್ಕದ ಮನೆಯ ಪುಟ್ಟ ನಾಯಿಯನ್ನು ಮೊದಲ ಸಲ ಭೇಟಿ ಮಾಡಿಸುವಾಗ ಬಾಯಿಕುಕ್ಕೆ ಹಾಕಿ. ರೇಸ್ ನಾಯಿಗೆ ಅದು ರೂಢಿಯಾಗಿರುತ್ತದೆ, ಮುಜುಗರವೆಲ್ಲ ನಮಗೆ.

ನಾಯಿ ಬರುವ ಮುಂಚೆ ಮನೆಯಲ್ಲಿ ಮಾಡಬೇಕಾದದ್ದು ಕಡಿಮೆ, ಆದರೆ ಬಿಡುವಂಥದ್ದಲ್ಲ. ಹಿತ್ತಲಿಗೆ ತೆರೆಯುವ ಗಾಜಿನ ಬಾಗಿಲಿಗೆ ನಾಯಿಯ ಮೂಗಿನ ಎತ್ತರದಲ್ಲಿ ಬಣ್ಣದ ಟೇಪ್ ಅಂಟಿಸಿ. ಗಾಜೆಂದರೇನೆಂದು ಅದಕ್ಕೆ ಗೊತ್ತಿಲ್ಲ, ಹೊರಗೆ ಹಕ್ಕಿ ಕಂಡರೆ ನೇರವಾಗಿ ನುಗ್ಗುತ್ತದೆ. ನುಣುಪಾದ ನೆಲಕ್ಕೆ ಚಾಪೆ ಹಾಸಿ, ಇಲ್ಲದಿದ್ದರೆ ಅಡುಗೆಮನೆಯ ಹೊಸ್ತಿಲಲ್ಲೇ ನಾಲ್ಕು ಕಾಲು ಊರಿ ನಿಂತುಬಿಡುತ್ತದೆ. ಮೈಯಲ್ಲಿ ಕೊಬ್ಬಿಲ್ಲದ ಪ್ರಾಣಿ, ದಪ್ಪ ಹಾಸಿಗೆ ಬೇಕು. ಮೆಲ್ಬರ್ನಿನ ಚಳಿಗೆ ಮೇಲೊಂದು ಕೋಟು. ಗ್ರೇಹೌಂಡ್‌ನ ಕುತ್ತಿಗೆ ತಲೆಗಿಂತ ದಪ್ಪ. ಸಾಮಾನ್ಯ ಕೊರಳಪಟ್ಟಿಯಿಂದ ಅದು ಹಿಂದಕ್ಕೆ ಎರಡು ಹೆಜ್ಜೆ ಇಟ್ಟು ಸುಲಭವಾಗಿ ನುಣುಚಿಕೊಳ್ಳುತ್ತದೆ, ಆದ್ದರಿಂದ ಎಳೆದಾಗ ಮಿತವಾಗಿ ಬಿಗಿಯಾಗುವ ಮಾರ್ಟಿಂಗೇಲ್ ಪಟ್ಟಿಯೇ ಬೇಕು. ಅದನ್ನು ಕಿವಿಗಳ ಹಿಂದೆ, ಎತ್ತರದಲ್ಲಿ ಕಟ್ಟಿ. ಮೆಟ್ಟಿಲು ಹತ್ತಲು ಬಾರದಿದ್ದರೆ ಎಳೆಯಬೇಡಿ; ಒಬ್ಬರು ಹಿಂದೆ ನಿಂತು ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟರೆ ಬೇಗ ಕಲಿಯುತ್ತದೆ. ಶೌಚಕ್ಕೆ ಮೊದಲ ದಿನಗಳಲ್ಲಿ ಎರಡು ಗಂಟೆಗೊಮ್ಮೆ ಹೊರಗೆ ಕರೆದುಕೊಂಡು ಹೋಗಿ. ಗಂಡು ನಾಯಿಯಾದರೆ ಬಂದ ಗಳಿಗೆಯಲ್ಲೇ ಸೋಫಾದ ಕಾಲಿಗೆ ಕಾಲೆತ್ತಬಹುದು, ಮೊದಲೇ ಹಿತ್ತಲು ತೋರಿಸಿ ಆಮೇಲೆ ಒಳಗೆ ಬಿಡಿ.

ನಿಮ್ಮ ಮಗಳಿಗೆ ಒಂದೇ ನಿಯಮ, ಆದರೆ ರಾಜಿಯಿಲ್ಲದ ನಿಯಮ: ನಾಯಿ ಹಾಸಿಗೆಯಲ್ಲಿದ್ದರೆ ಹತ್ತಿರ ಹೋಗಬಾರದು. ಕೆನೆಲ್‌ನಲ್ಲಿ ಮಲಗಿದ್ದ ಅದನ್ನು ಯಾರೂ ಮುಟ್ಟಿ ಎಬ್ಬಿಸಿರುವುದಿಲ್ಲ. ಎಷ್ಟೋ ಗ್ರೇಹೌಂಡ್‌ಗಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತವೆ, ಎಚ್ಚರವಿದೆ ಎಂದುಕೊಂಡು ಮಗು ತಬ್ಬಿಕೊಂಡರೆ ಅದು ಬೆಚ್ಚಿ ಹಲ್ಲು ಹಾಕಬಹುದು. ದೂರದಿಂದ ಹೆಸರು ಕರೆದು, ಎದ್ದು ತಾನಾಗಿ ಬಂದರೆ ಮುದ್ದು ಮಾಡಲಿ. ಈ ಒಂದು ನಿಯಮವನ್ನು ಏಳು ವರ್ಷದ ಮಗು ಪಾಲಿಸಲಾರದು ಎಂದು ನಿಮಗೆ ಅನ್ನಿಸಿದರೆ ಈ ಕೆಲಸಕ್ಕೆ ಇನ್ನೆರಡು ವರ್ಷ ಕಾಯಿರಿ ಎಂದೇ ಹೇಳುತ್ತೇನೆ.

ನಮ್ಮ ಅಡುಗೆಮನೆಯ ಸದ್ದುಗಳು ಇಲ್ಲಿನ ಕೈಪಿಡಿಗಳಲ್ಲಿ ಇರುವುದಿಲ್ಲ. ಕಳೆದ ಚಳಿಗಾಲ ನನ್ನಲ್ಲಿದ್ದ ಕಪ್ಪು ಹೆಣ್ಣು ನಾಯಿ ಕುಕ್ಕರಿನ ಮೊದಲ ಸೀಟಿಗೆ ಹಜಾರದ ಮೂಲೆಗೆ ಹೋಗಿ, ಬಾಲವನ್ನು ಹೊಟ್ಟೆಯಡಿ ಒತ್ತಿಕೊಂಡು, ಮುಖ ಗೋಡೆಗೆ ಮಾಡಿ ನಿಂತಿತು. ಸಮಾಧಾನ ಹೇಳಲು ನಾನು ಹೋಗಲಿಲ್ಲ. ಪ್ರತಿ ಸೀಟಿಯಾದ ಮೇಲೆ ಬೇಯಿಸಿದ ಕುಂಬಳಕಾಯಿಯ ಒಂದು ಚೂರನ್ನು ಅದರ ಕಡೆ ಉರುಳಿಸುತ್ತಿದ್ದೆ. ಮೊದಲ ದಿನ ತಿನ್ನಲಿಲ್ಲ. ಆಮೇಲೆ ಕಿವಿ ಹಿಂದಕ್ಕೆ ಮಡಚಿಕೊಂಡೇ ತಿಂದಿತು. ವಾರ ಕಳೆಯುವ ಹೊತ್ತಿಗೆ ಸೀಟಿ ಕೂಗಿದರೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿತ್ತು. ಮಿಕ್ಸಿಗೆ ಮಾತ್ರ ಕೊನೆಯವರೆಗೂ ಒಗ್ಗಲಿಲ್ಲ. ಎರಡನ್ನೂ ಬರೆದುಕೊಟ್ಟೆ, ಅದನ್ನು ಓದಿ ಕರೆದೊಯ್ದವರು ನಿವೃತ್ತ ದಂಪತಿ, ಸದ್ದಿಲ್ಲದ ಮನೆ.

ಇನ್ನು ಕೆಲಸಕ್ಕೆ ಹೋಗುವ ವಿಷಯ. ನನ್ನನ್ನು ಕೇಳಿದರೆ ಆರು ವಾರದಲ್ಲಿ ನೀವು ತಿಳಿದುಕೊಳ್ಳಬೇಕಾದ ಅತಿ ಮುಖ್ಯ ಸಂಗತಿ ಇದೇ. ಗ್ರೇಹೌಂಡ್ ಹುಟ್ಟಿದಾಗಿನಿಂದ ಒಂಟಿಯಾಗಿ ಇದ್ದದ್ದಿಲ್ಲ. ಕೆನೆಲ್‌ನಲ್ಲಿ ಪಕ್ಕದ ಗೂಡಿನಲ್ಲಿ ಇನ್ನೊಂದು ನಾಯಿಯ ಉಸಿರು ಕೇಳುತ್ತಲೇ ಇರುತ್ತದೆ. ಜನ ಸಾಮಾನ್ಯವಾಗಿ ಮಾಡುವುದು ಒಂದು ವಾರ ರಜೆ ಹಾಕಿ ಹಗಲಿರುಳು ಅದರ ಜೊತೆಗಿದ್ದು, ಸೋಮವಾರ ಬೆಳಗ್ಗೆ ಒಮ್ಮೆಲೇ ಎಂಟು ಗಂಟೆ ಬಿಟ್ಟುಹೋಗುವುದು. ಅದರ ಬದಲು ಮೊದಲ ದಿನದಿಂದಲೇ ಅಭ್ಯಾಸ ಮಾಡಿಸಿ. ಬೀಗದ ಕೈ ತೆಗೆದುಕೊಳ್ಳಿ, ಚಪ್ಪಲಿ ಮೆಟ್ಟಿ, ಕಸದ ಡಬ್ಬಿಯವರೆಗೆ ಹೋಗಿ ಬನ್ನಿ. ಹೋಗುವಾಗ ಬೀಳ್ಕೊಡುಗೆ ಬೇಡ, ಬಂದಾಗ ಸಂಭ್ರಮವೂ ಬೇಡ. ಐದು ನಿಮಿಷ, ಕಾಲು ಗಂಟೆ, ಅಂಗಡಿಗೆ ಹೋಗಿ ಬರುವಷ್ಟು ಹೊತ್ತು, ಹೀಗೆ ಹೆಚ್ಚಿಸಿ. ಕೋಣೆಯ ಬಾಗಿಲು ಮುಚ್ಚಬೇಡಿ, ಆಚೆ ಕಾಣುವಂಥ ಬೇಬಿ ಗೇಟ್ ಹಾಕಿ. ಹಳೆಯ ಮೊಬೈಲ್ ಒಂದನ್ನು ಕಪಾಟಿನ ಮೇಲಿಟ್ಟು ವಿಡಿಯೊ ಮಾಡಿ. ಐದು ನಿಮಿಷ ಕುಂಯ್‌ಗುಟ್ಟಿ ಮಲಗಿದರೆ ಚಿಂತೆಯಿಲ್ಲ. ಅರ್ಧ ಗಂಟೆಯಾದರೂ ಜೊಲ್ಲು ಸುರಿಸುತ್ತಾ ಬಾಗಿಲು ಕೆರೆಯುತ್ತಿದ್ದರೆ ಆ ನಾಯಿಗೆ ಇನ್ನೊಂದು ನಾಯಿ ಇರುವ ಮನೆ ಬೇಕು, ಅಥವಾ ಯಾರಾದರೊಬ್ಬರು ಸದಾ ಇರುವ ಮನೆ. ಆ ವಿಡಿಯೊವನ್ನು ಗುಂಪಿಗೆ ಕಳಿಸಿ. ಮುಚ್ಚಿಡಬೇಡಿ. ನಿಮ್ಮಿಂದ ಆಗಲಿಲ್ಲ ಎಂದು ಯಾರೂ ತಿಳಿದುಕೊಳ್ಳುವುದಿಲ್ಲ.

ಊಟದ ಬಗ್ಗೆ ನಿಮ್ಮ ಆತಂಕ ಬೇಡ. ಗುಂಪಿನವರು ಕೊಡುವ ಒಣ ಆಹಾರವನ್ನು ದಿನಕ್ಕೆ ಎರಡು ಹೊತ್ತು ಅಳತೆ ಮಾಡಿ ಹಾಕಿದರೆ ಮುಗಿಯಿತು, ಅಡುಗೆಮನೆಗೆ ಮಾಂಸ ತರುವ ಅಗತ್ಯವಿಲ್ಲ. ಆದರೆ ನಿಮ್ಮ ನೇಮಕ್ಕೆ ನಾಯಿಯ ಆಹಾರವನ್ನು ಬದಲಾಯಿಸಬೇಡಿ. ಅಜ್ಜನ ನಾಯಿ ರೊಟ್ಟಿ ಹಾಲಿನಲ್ಲೇ ಬೆಳೆದಿರಬಹುದು. ಇದು ಬೇರೆಯವರ ಜವಾಬ್ದಾರಿಯಲ್ಲಿರುವ ನಾಯಿ, ಅಲ್ಲದೆ ಊಟ ದಿಢೀರನೆ ಬದಲಾದರೆ ಗ್ರೇಹೌಂಡ್‌ಗೆ ಬೇಗ ಭೇದಿ ಹತ್ತುತ್ತದೆ. ನಿಜವಾದ ಅಪಾಯ ನಮ್ಮ ಸಸ್ಯಾಹಾರದಲ್ಲೇ ಇದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಕೆಡಿಸುತ್ತವೆ, ಆದ್ದರಿಂದ ಮಿಕ್ಕ ಹುಳಿ, ಪಲ್ಯ ಹಾಕುವಂತಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಪಾಯಸ, ಕೇಸರಿಬಾತಿನ ಪಾತ್ರೆ ಮುಚ್ಚಿಡಿ. ಚಾಕೊಲೇಟ್, ಇಲ್ಲಿನ ಮಕಡೇಮಿಯಾ ಬೀಜ, ಸಕ್ಕರೆಯ ಬದಲು ಜೈಲಿಟಾಲ್ ಹಾಕಿದ ತಿನಿಸುಗಳೂ ಬೇಡ. ಒಗ್ಗರಣೆಯಿಲ್ಲದ ಮೊಸರನ್ನದ ಒಂದು ತುತ್ತು ತಿಂದರೆ ಏನೂ ಆಗದು. ಗ್ರೇಹೌಂಡ್‌ನ ಮೂಗು ಸರಿಯಾಗಿ ಅಡುಗೆ ಕಟ್ಟೆಯ ಎತ್ತರಕ್ಕೆ ಬರುತ್ತದೆ, ದೇವರ ಮುಂದಿನ ನೈವೇದ್ಯದ ತಟ್ಟೆಗಂತೂ ಬಗ್ಗಬೇಕು ಅಷ್ಟೆ.

ಆರೋಗ್ಯದ ನಿರ್ಧಾರಗಳು, ಖರ್ಚು ಎರಡೂ ಗುಂಪಿನವೇ ಆಗಿರಬೇಕು. ಇದನ್ನು ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ಆದರೂ ರಾತ್ರಿ ಹೊತ್ತು ಅಪರಿಚಿತ ಪಶುವೈದ್ಯರ ಬಳಿ ಓಡಬೇಕಾಗಿ ಬಂದರೆ ನಾಯಿ ಗ್ರೇಹೌಂಡ್ ಎಂದು ನೆನಪಿಸಿ. ಥಯೊಪೆಂಟಾಲ್ ಜಾತಿಯ ಅರಿವಳಿಕೆಯನ್ನು ಇವುಗಳ ಯಕೃತ್ತು ನಿಧಾನವಾಗಿ ಕರಗಿಸುವುದರಿಂದ ಎಚ್ಚರಗೊಳ್ಳಲು ಅಪಾಯಕರವಾಗಿ ತಡವಾಗುತ್ತದೆ. ರಕ್ತಪರೀಕ್ಷೆಯಲ್ಲಿ ಕೆಂಪು ಕಣ ಹೆಚ್ಚು, ಪ್ಲೇಟ್‌ಲೆಟ್ ಕಡಿಮೆ, ಥೈರಾಯ್ಡ್ ಕಡಿಮೆ ಬರುವುದು ಈ ತಳಿಗೆ ಸಹಜ. ಅದನ್ನು ರೋಗವೆಂದು ಓದಿ ಔಷಧ ಕೊಟ್ಟವರಿದ್ದಾರೆ. ಚರ್ಮ ತೀರಾ ತೆಳು, ಬೇಲಿಯ ತಂತಿ ತಾಗಿದರೂ ಹರಿಯುತ್ತದೆ. ಹಲ್ಲು ಕೆಟ್ಟಿರುವುದು ಮಾಮೂಲು. ವಯಸ್ಸಾದ ನಾಯಿ ಕುಂಟಿದರೆ ನಾಲ್ಕು ದಿನ ನೋಡೋಣ ಎನ್ನಬೇಡಿ. ಮೂಳೆಯ ಕ್ಯಾನ್ಸರ್ ಇವುಗಳಲ್ಲಿ ಹೆಚ್ಚು.

ದತ್ತು ಪ್ರಕಟಣೆಗೆ ನಾಯಿಯ ಪರಿಚಯ ಬರೆದುಕೊಡಿ ಎಂದು ನಿಮ್ಮನ್ನೇ ಕೇಳುತ್ತಾರೆ. ದಯವಿಟ್ಟು ಅದನ್ನು ವಧೂವರರ ಜಾಹೀರಾತಿನ ಧಾಟಿಯಲ್ಲಿ ಬರೆಯಬೇಡಿ. ಮೃದು ಸ್ವಭಾವ, ಎಲ್ಲರೊಂದಿಗೂ ಹೊಂದಿಕೊಳ್ಳುತ್ತದೆ ಎಂದು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ನಾಲ್ಕು ಗಂಟೆ ಒಂಟಿಯಾಗಿರುತ್ತದೆ, ಅದಕ್ಕಿಂತ ಹೆಚ್ಚು ನೋಡಿಲ್ಲ. ರಾತ್ರಿ ಹತ್ತಕ್ಕೆ ಮಲಗಿದರೆ ಬೆಳಗ್ಗೆ ಆರಕ್ಕೆ ಹೊರಗೆ ಹೋಗಬೇಕು. ದೊಡ್ಡ ನಾಯಿಗಳೊಂದಿಗೆ ನೆಮ್ಮದಿ, ಬಿಳಿ ಬಣ್ಣದ ಪುಟ್ಟ ನಾಯಿ ಕಂಡರೆ ಹಗ್ಗ ಬಿಗಿಯುತ್ತದೆ. ಟ್ರಾಮ್ ಬಂದರೆ ನಡುರಸ್ತೆಯಲ್ಲಿ ಕಲ್ಲಾಗಿ ನಿಲ್ಲುತ್ತದೆ, ಅರ್ಧ ಸುತ್ತು ತಿರುಗಿಸಿದರೆ ನಡೆಯುತ್ತದೆ. ಬೆಕ್ಕಿನ ವಿಷಯವನ್ನು ನೀವು ಪರೀಕ್ಷಿಸಲು ಹೋಗಬೇಡಿ, ಅದನ್ನು ಗುಂಪಿನವರೇ ಅನುಭವಸ್ಥರ ಕೈಯಲ್ಲಿ ಮಾಡಿಸುತ್ತಾರೆ. ಕಪ್ಪು ನಾಯಿಯಾದರೆ ಫೋಟೊವನ್ನು ಹೊರಗೆ, ಬೆಳಗಿನ ಬೆಳಕಿನಲ್ಲಿ, ಕಣ್ಣು ಕಾಣುವಂತೆ ತೆಗೆಯಿರಿ. ಮಬ್ಬು ಕೋಣೆಯಲ್ಲಿ ತೆಗೆದ ಕಪ್ಪು ನಾಯಿಯ ಚಿತ್ರವನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಮನೆಯಲ್ಲಿ ಕನ್ನಡದಲ್ಲೇ ಮಾತಾಡಿ, ಆದರೆ ಬಾ, ನಿಲ್ಲು, ಬಿಡು ಎಂಬ ಮೂರಕ್ಕೆ ಇಂಗ್ಲಿಷ್ ಪದವನ್ನೇ ಕಲಿಸಿ. ಮುಂದಿನವರಿಗೆ ಅನುಕೂಲ. ಕೂರುವುದನ್ನು ಕಲಿಸುವ ಹಟ ಬೇಡ, ಆ ತೊಡೆಯ ಸ್ನಾಯುಗಳಿಗೆ ಕೂರುವುದೇ ಕಷ್ಟ.

ನೋಡಲು ಬಂದವರ ಜೊತೆ ಒಮ್ಮೆ ನಡೆದಾಡಿ, ಹಗ್ಗ ಅವರ ಕೈಗೆ ಕೊಡಿ. ಬೇಲಿ ಎಷ್ಟು ಎತ್ತರ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಊರಿಗೆ ಹೋದಾಗ ನಾಯಿ ಎಲ್ಲಿರುತ್ತದೆ ಎಂದು ಸಹಜವಾಗಿ ಮಾತಿನ ನಡುವೆ ಕೇಳಿ. ಜೊತೆಗೆ ಓಡಲು ನಾಯಿ ಬೇಕು ಎನ್ನುವವರಿಗೆ, ಇದು ದಿನದ ಹೆಚ್ಚು ಹೊತ್ತು ನಿದ್ದೆ ಮಾಡುವ ಪ್ರಾಣಿ ಎಂದು ನಗುತ್ತಲೇ ತಿಳಿಸಿ. ಕೊನೆಯ ತೀರ್ಮಾನ ಗುಂಪಿನದು, ನಿಮ್ಮ ಮಾತಿಗೆ ತೂಕವಿರುತ್ತದೆ. ಪರಿಚಯದ ಕನ್ನಡ ಕುಟುಂಬಕ್ಕೇ ನೀವಾಗಿ ಮಾತು ಕೊಟ್ಟುಬಿಡುವುದು ಮಾತ್ರ ಸಲ್ಲದು. ದಾಕ್ಷಿಣ್ಯಕ್ಕೆ ಒಪ್ಪಿಕೊಂಡ ಮನೆಯಲ್ಲಿ ನಾಯಿ ಉಳಿಯುವುದಿಲ್ಲ. ಕಳಿಸುವ ದಿನ ಅದರ ಹೊದಿಕೆಯನ್ನು ಒಗೆಯದೆ ಕೊಡಿ, ಒಂದು ವಾರಕ್ಕಾಗುವಷ್ಟು ಅದೇ ಆಹಾರ ಕಟ್ಟಿಕೊಡಿ.

ನೀವೇ ಇಟ್ಟುಕೊಳ್ಳಬೇಕೆನ್ನಿಸಿದರೆ? ತಪ್ಪೇನಿಲ್ಲ, ಬಹಳ ಜನ ಹಾಗೆ ಮಾಡಿದ್ದಾರೆ. ಆದರೆ ನಾಲ್ಕನೇ ವಾರದೊಳಗೆ ಹೇಳಿಬಿಡಿ. ಬೇರೆ ಮನೆಯವರು ಬಂದು ನೋಡಿ, ಹಾಸಿಗೆ ಕೊಂಡು, ಮಕ್ಕಳಿಗೆ ಹೇಳಿದ ಮೇಲೆ ಮನಸ್ಸು ಬದಲಾಯಿಸುವುದು ಅನ್ಯಾಯ.

ಅತ್ತೆಯವರ ವಿಷಯದಲ್ಲಿ ನಾನು ಅವರ ಪಕ್ಷ. ಮೂವತ್ತು ಕಿಲೋ ತೂಕದ ಗ್ರೇಹೌಂಡ್ ಪ್ರೀತಿ ಬಂದರೆ ಕಾಲಿಗೆ ಒರಗಿಕೊಂಡು ನಿಲ್ಲುತ್ತದೆ. ಹೆದರುವ ಹಿರಿಯರು ಹಿಂದೆ ಸರಿಯಲು ಹೋಗಿ ಬಿದ್ದರೆ ಸೊಂಟ ಮುರಿದುಕೊಳ್ಳುತ್ತಾರೆ. ಅಭ್ಯಾಸವಾಗುತ್ತದೆ ಬಿಡಿ ಎಂದು ಅವರ ಮೇಲೆ ಪ್ರಯೋಗ ಮಾಡಬೇಡಿ. ನವೆಂಬರ್ ಮಧ್ಯದೊಳಗೆ ಮುಗಿಯುವಂತೆ ಈಗಲೇ ಒಂದು ನಾಯಿ ತೆಗೆದುಕೊಳ್ಳಿ, ಆಗದಿದ್ದರೆ ಅವರು ಊರಿಗೆ ಹೊರಟ ಮೇಲೆ ಶುರು ಮಾಡಿ. ದಿನಾಂಕವನ್ನು ಗುಂಪಿಗೆ ಮೊದಲೇ ತಿಳಿಸಿದರೆ ಅವರು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಾರೆ.

ಈ ಎಲ್ಲಕ್ಕೂ ಮುಂಚೆ ಮನೆ ಮಾಲೀಕರ ಒಪ್ಪಿಗೆ ಬೇಕು, ತಾತ್ಕಾಲಿಕ ನಾಯಿಯಾದರೂ ಕೇಳಿಬಿಡಿ. ವಿಕ್ಟೋರಿಯಾದಲ್ಲಿ 2020ರ ಮಾರ್ಚ್‌ನಿಂದ ಬಾಡಿಗೆದಾರರಿಗೆ ನಿಗದಿತ ಅರ್ಜಿ ನಮೂನೆ ಇದೆ. ಅದನ್ನು ತುಂಬಿಕೊಟ್ಟ ಮೇಲೆ ಮಾಲೀಕರು ಸಕಾರಣವಿಲ್ಲದೆ ಬೇಡ ಎನ್ನುವಂತಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಅವರೇ 14 ದಿನಗಳೊಳಗೆ ವೀಕ್ಯಾಟ್ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ನಮೂನೆಯನ್ನು ಇವತ್ತೇ ಕಳಿಸಿ, ಆ ಹದಿನಾಲ್ಕು ದಿನ ಕಳೆಯುವುದರೊಳಗೆ ಗಾಜಿನ ಬಾಗಿಲಿಗೆ ಟೇಪ್ ಅಂಟಿಸಿ, ಬೇಲಿಯ ಸಂದುಗಳನ್ನು ಮುಚ್ಚಿಸಿಕೊಳ್ಳಿ.